ಪಾಸ್‌ಪೋರ್ಟಿನ ವಾಯಿದೆ: ವಿದೇಶಕ್ಕೆ ಹೊರಡುವ ವರ್ತಕರು ಅರಿತಿರಬೇಕಾದ ಲೆಕ್ಕ

ವಾಯಿದೆಯೆಂಬ ಮಾತು ನಮ್ಮ ವರ್ತಕ ಬಾಂಧವರಿಗೆ ಹೊಸದಲ್ಲ. ಹುಂಡಿಗೆ ವಾಯಿದೆಯುಂಟು, ಬ್ಯಾಂಕಿನ ಸಾಲಕ್ಕೆ ವಾಯಿದೆಯುಂಟು, ಅಂಗಡಿಯ ಪರವಾನಗಿಗೂ ಲಾರಿಯ ವಿಮೆಗೂ ವಾಯಿದೆಯುಂಟು. ಜಿ.ಎಸ್.ಟಿ. ವಿವರಣೆ, ಮುಂಗಡ ತೆರಿಗೆಯ ಕಂತು, ಡಿಜಿಟಲ್ ಸಹಿಯ ನವೀಕರಣ ಇವುಗಳ ದಿನಾಂಕಗಳನ್ನೆಲ್ಲ ಗುಮಾಸ್ತರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಡುತ್ತಾರೆ. ಆದರೆ ಮನೆಯ ಬೀರುವಿನಲ್ಲಿ, ಜಮೀನಿನ ಪತ್ರಗಳ ನಡುವೆ ಮಲಗಿರುವ ಒಂದು ಕಿರುಪುಸ್ತಕಕ್ಕೂ ವಾಯಿದೆಯುಂಟೆಂಬುದು ಅನೇಕರಿಗೆ ನೆನಪಾಗುವುದು ವಿಮಾನ ನಿಲ್ದಾಣದಲ್ಲಿ. ಆ ಕಿರುಪುಸ್ತಕವೇ ಪಾಸ್‌ಪೋರ್ಟ್.

ನಮ್ಮ ಭಾಗದ ವರ್ತಕರು ಹೊರದೇಶದ ವ್ಯವಹಾರವನ್ನು ಬೆಂಗಳೂರು, ಮುಂಬಯಿಗಳ ಮಧ್ಯವರ್ತಿಗಳಿಗೇ ಒಪ್ಪಿಸಿಬಿಡುತ್ತಿದ್ದ ಕಾಲ ಹಿಂದೆ ಸರಿಯುತ್ತಿದೆ. ಹೊಸದುರ್ಗದ ತೆಂಗಿನ ಉತ್ಪನ್ನ, ಹಿರಿಯೂರಿನ ದಾಳಿಂಬೆ, ಹೊಳಲ್ಕೆರೆಯ ಅಡಿಕೆ, ಚಿತ್ರದುರ್ಗದ ಎಣ್ಣೆ ಮತ್ತು ಹತ್ತಿಯ ಕಾರ್ಖಾನೆ, ಇವುಗಳಲ್ಲಿ ತೊಡಗಿದವರು ಇಂದು ಯಂತ್ರ ನೋಡಲು, ಮಾದರಿ ತೋರಿಸಲು, ಗಿರಾಕಿಗಳನ್ನು ಕಾಣಲು ತಾವೇ ಹೊರಡುತ್ತಿದ್ದಾರೆ. 1957ರಿಂದ ನಡೆದುಬಂದಿರುವ ಚೀನಾದ ಗುವಾಂಗ್‌ಝೌ ನಗರದ ಕ್ಯಾಂಟನ್ ಮೇಳಕ್ಕೂ, ದುಬೈಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಗಲ್ಫುಡ್ ಆಹಾರ ಮೇಳಕ್ಕೂ ಹೋಗಿಬರುವುದು ಈಗ ಸಣ್ಣ ಉದ್ದಿಮೆದಾರರಿಗೂ ಎಟುಕದ ಮಾತಲ್ಲ. ಆದುದರಿಂದ ಪಾಸ್‌ಪೋರ್ಟಿನ ಸಿಂಧುತ್ವದ ವಿಷಯವನ್ನು ಒಂದು ಪಾಠದ ರೂಪದಲ್ಲಿ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

1. ಒಂದು ಪ್ರಸಂಗ

ನನ್ನ ಕಕ್ಷಿದಾರರೊಬ್ಬರು ಹೊಸದುರ್ಗ ತಾಲ್ಲೂಕಿನವರು; ಕೊಬ್ಬರಿ ತುರಿಯನ್ನು ಒಣಗಿಸಿ ಪೊಟ್ಟಣ ಕಟ್ಟುವ ಸಣ್ಣ ಘಟಕವನ್ನು ನಡೆಸುತ್ತಾರೆ. 2024ರ ಜೂನ್ ತಿಂಗಳಲ್ಲಿ ಮಲೇಷ್ಯಾದ ಯಂತ್ರ ತಯಾರಕರೊಬ್ಬರು ಇವರದೇ ಮಾದರಿಯ ಸರಕಿನ ಮೇಲೆ ಯಂತ್ರವನ್ನು ನಡೆಸಿ ತೋರಿಸಲು ಒಪ್ಪಿದ್ದರು. ಬ್ಯಾಂಕಿನಿಂದ ಅವಧಿ ಸಾಲ ಮಂಜೂರಾಗಿತ್ತು. ಮಂಜೂರಾತಿ ಪತ್ರಕ್ಕೆ 90 ದಿನಗಳ ವಾಯಿದೆ. ಯೋಜನಾ ವರದಿ, ಮೂರು ವರ್ಷಗಳ ಲೆಕ್ಕಪತ್ರ, ದರಪಟ್ಟಿ ಇವೆಲ್ಲವನ್ನೂ ನಾನೇ ಕುಳಿತು ಪರಿಶೀಲಿಸಿದ್ದೆ. ಅವರು ರಾತ್ರಿ ಊರು ಬಿಟ್ಟು, ಹಿರಿಯೂರಿನ ಬಳಿ ಹೆದ್ದಾರಿ ಸೇರಿ, ಬೆಳಗಿನ ಜಾವ ದೇವನಹಳ್ಳಿ ತಲುಪಿದರು. ಪ್ರವೇಶ ಪತ್ರ ನೀಡುವ ಕೌಂಟರಿನಲ್ಲಿದ್ದ ಯುವತಿ ಪಾಸ್‌ಪೋರ್ಟನ್ನು ಎರಡು ಬಾರಿ ತಿರುವಿ ನೋಡಿ, "ಸರ್, ನಿಮ್ಮ ಪಾಸ್‌ಪೋರ್ಟಿನಲ್ಲಿ ಆರು ತಿಂಗಳು ಉಳಿದಿಲ್ಲ, ಕಳುಹಿಸಲಾಗುವುದಿಲ್ಲ" ಎಂದಳು.

2014ರ ನವೆಂಬರಿನಲ್ಲಿ ಪಡೆದ ಪಾಸ್‌ಪೋರ್ಟ್ ಅದು. 2024ರ ನವೆಂಬರಿನವರೆಗೆ ಚಾಲ್ತಿಯಲ್ಲಿತ್ತು. ಅವರು ಹೋಗಬೇಕಾಗಿದ್ದುದು ನಾಲ್ಕು ದಿನಗಳ ಮಟ್ಟಿಗೆ ಮಾತ್ರ. "ಇನ್ನೂ ಐದು ತಿಂಗಳಿದೆಯಲ್ಲಮ್ಮ" ಎಂದು ಅವರು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಬೆಳಿಗ್ಗೆ ಆರಕ್ಕೆ ನನಗೆ ದೂರವಾಣಿ ಕರೆ ಬಂತು. ನನ್ನಲ್ಲೂ ಉತ್ತರವಿರಲಿಲ್ಲ.

ತತ್ಕಾಲ ಯೋಜನೆಯಲ್ಲಿ ಅರ್ಜಿ ಹಾಕಿದುದರಿಂದ ಹೊಸ ಪಾಸ್‌ಪೋರ್ಟ್ ಎರಡು ವಾರದೊಳಗೇ ಕೈಸೇರಿತು. ಆದರೆ ಯಂತ್ರ ತಯಾರಕರು ಆ ಸರದಿಯನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು. ಮುಂದಿನ ಸರದಿ ಸೆಪ್ಟೆಂಬರಿಗೆ ದೊರೆಯಿತು. ಅಷ್ಟರಲ್ಲಿ ಮಂಜೂರಾತಿ ಪತ್ರದ ವಾಯಿದೆ ತೀರಿ, ಸಾಲವನ್ನು ಮತ್ತೊಮ್ಮೆ ಮಂಜೂರು ಮಾಡಿಸಬೇಕಾಯಿತು. ದೀಪಾವಳಿಗೆಂದು ಒಪ್ಪಿಕೊಂಡಿದ್ದ ಬೇಡಿಕೆಯೊಂದು ಕೈತಪ್ಪಿತು. ವಿಮಾನದ ಟಿಕೆಟಿನ ಹಣ ಹೋದುದು ಇವೆಲ್ಲವುಗಳಲ್ಲಿ ಅತಿ ಸಣ್ಣ ನಷ್ಟ. ಎಲ್ಲ ಕಾಗದಗಳನ್ನೂ ನೋಡಿದ ನಾನು ಆ ಒಂದು ದಿನಾಂಕವನ್ನು ನೋಡಲಿಲ್ಲವೆಂಬುದು ಇಂದಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ.

2. ಮುದ್ರಿತ ದಿನಾಂಕ ಮತ್ತು ಬಳಕೆಯ ದಿನಾಂಕ

ವಾಣಿಜ್ಯ ಪದವಿಯ ತರಗತಿಗಳಲ್ಲಿ ಹುಂಡಿಯ ಪಾಠವನ್ನು ಓದಿದವರಿಗೆ ರಿಯಾಯಿತಿ ದಿನಗಳ ನಿಯಮ ನೆನಪಿರಬಹುದು. 1881ರ ವರ್ಗಾವಣೀಯ ಪತ್ರಗಳ ಅಧಿನಿಯಮದ ಪ್ರಕಾರ ಮುದ್ದತಿನ ಹುಂಡಿಯ ಅವಧಿ ಮುಗಿದ ಮೇಲೂ ಮೂರು ದಿನಗಳ ರಿಯಾಯಿತಿ ದೊರೆಯುತ್ತದೆ. ಪಾಸ್‌ಪೋರ್ಟಿನ ವಿಷಯದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಇಲ್ಲಿ ಮುದ್ರಿತ ದಿನಾಂಕದಿಂದ ಮುಂದಕ್ಕೆ ಒಂದು ದಿನವೂ ಸಿಗುವುದಿಲ್ಲ. ಹಿಂದಕ್ಕೇ ಆರು ತಿಂಗಳು ಕಡಿತವಾಗುತ್ತದೆ. ಔಷಧ ವ್ಯಾಪಾರಿಗಳು ವಾಯಿದೆ ಸಮೀಪಿಸಿದ ಸರಕನ್ನು ಸಗಟು ವ್ಯಾಪಾರಿಯಿಂದ ಸ್ವೀಕರಿಸದಂತೆ, ಅನೇಕ ದೇಶಗಳು ವಾಯಿದೆ ಸಮೀಪಿಸಿದ ಪಾಸ್‌ಪೋರ್ಟನ್ನು ಸ್ವೀಕರಿಸುವುದಿಲ್ಲ.

ಇದಕ್ಕೆ ಕಾರಣವೂ ಇದೆ. ಬಂದ ಪ್ರವಾಸಿಯು ಕಾಯಿಲೆ ಬಿದ್ದರೆ, ಅಪಘಾತಕ್ಕೆ ಸಿಕ್ಕರೆ ಅಥವಾ ವಿಮಾನ ಸಂಚಾರವೇ ನಿಂತುಹೋದರೆ ಅವನ ವಾಸ್ತವ್ಯ ಬೆಳೆಯುತ್ತದೆ. 2020ರ ಕೊರೊನಾ ಕಾಲದಲ್ಲಿ ಸಾವಿರಾರು ಮಂದಿ ಹೀಗೆ ಪರದೇಶಗಳಲ್ಲಿ ಸಿಲುಕಿದುದು ನಮಗೆಲ್ಲ ತಿಳಿದೇ ಇದೆ. ಅಂತಹವನ ಪಾಸ್‌ಪೋರ್ಟ್ ಅಲ್ಲಿಯೇ ಮುಗಿದುಹೋದರೆ ಅವನನ್ನು ಹಿಂದಕ್ಕೆ ಕಳುಹಿಸುವುದು ಆ ಸರ್ಕಾರಕ್ಕೆ ತೊಡಕಾಗುತ್ತದೆ. ಆದುದರಿಂದ ಅವರು ಮೊದಲೇ ಒಂದು ಅಂಚನ್ನು ಉಳಿಸಿಕೊಳ್ಳುತ್ತಾರೆ.

ಈ ನಿಯಮವನ್ನು ವಿಮಾನ ಸಂಸ್ಥೆಯವರೇ ಏಕೆ ಜಾರಿಗೊಳಿಸುತ್ತಾರೆ ಎಂಬ ಪ್ರಶ್ನೆಯೂ ಸಹಜ. ದಾಖಲೆ ಸರಿಯಿಲ್ಲದ ಪ್ರಯಾಣಿಕನನ್ನು ಕರೆತಂದರೆ ಅನೇಕ ದೇಶಗಳಲ್ಲಿ ವಿಮಾನ ಸಂಸ್ಥೆಯೇ ದಂಡ ತೆರಬೇಕು, ಅವನನ್ನು ತನ್ನ ಹೊಣೆಯ ಮೇಲೆ ಮರಳಿ ಒಯ್ಯಬೇಕು. ಆದಕಾರಣ ಕೌಂಟರಿನ ಸಿಬ್ಬಂದಿ ಟಿಮ್ಯಾಟಿಕ್ ಎಂಬ ಅಂತರರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯಲ್ಲಿ ಆಯಾ ದೇಶದ ನಿಯಮವನ್ನು ನೋಡಿಯೇ ಪ್ರಯಾಣಿಕನನ್ನು ಬಿಡುತ್ತಾರೆ. ಅವರೊಡನೆ ವಾದಿಸಿ ಫಲವಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವೀಸಾ ಬೇಕಾದ ದೇಶಕ್ಕೆ ಹೊರಟಾಗ ಪಾಸ್‌ಪೋರ್ಟಿನ ಕೊರತೆ ವೀಸಾ ಅರ್ಜಿಯ ಹಂತದಲ್ಲಿಯೇ ಬಯಲಾಗುತ್ತದೆ. ಮಲೇಷ್ಯಾ ಸರ್ಕಾರವು 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ವಿನಾಯಿತಿಯನ್ನು ನೀಡಿತು. ಈ ಅನುಕೂಲದ ಜೊತೆಯಲ್ಲಿಯೇ ಮೊದಲ ತಪಾಸಣೆಯೂ ಇಲ್ಲವಾಯಿತು. ವೀಸಾ ಬೇಡದ ದೇಶಕ್ಕೆ ಹೋಗುವಾಗ ಪಾಸ್‌ಪೋರ್ಟನ್ನು ಮೊತ್ತಮೊದಲು ನೋಡುವವರು ವಿಮಾನ ನಿಲ್ದಾಣದವರೇ. ನನ್ನ ಕಕ್ಷಿದಾರರಿಗೆ ಆದುದೂ ಇದೇ.

3. ಯಾವ ದೇಶಕ್ಕೆ ಎಷ್ಟು ಅವಧಿ?

ಎಲ್ಲ ದೇಶಗಳ ನಿಯಮ ಒಂದೇ ಅಲ್ಲ. ಎಣಿಕೆ ಆರಂಭವಾಗುವ ದಿನವೂ ಒಂದೇ ಅಲ್ಲ. ನಮ್ಮವರು ಹೆಚ್ಚಾಗಿ ಹೋಗುವ ದೇಶಗಳ ವಿವರ ಹೀಗಿದೆ:

(ಅ) ಸಂಯುಕ್ತ ಅರಬ್ ಸಂಸ್ಥಾನಗಳು (ದುಬೈ, ಅಬುಧಾಬಿ, ಶಾರ್ಜಾ), ಮಲೇಷ್ಯಾ, ಸಿಂಗಪುರ, ಶ್ರೀಲಂಕಾ: ಅಲ್ಲಿಗೆ ಬಂದಿಳಿಯುವ ದಿನದಿಂದ ಕನಿಷ್ಠ 6 ತಿಂಗಳು.

(ಆ) ಚೀನಾ: ವೀಸಾಕ್ಕೆ ಅರ್ಜಿ ಸಲ್ಲಿಸುವಾಗಲೇ 6 ತಿಂಗಳ ಅವಧಿ ಉಳಿದಿರಬೇಕು; ವೀಸಾ ಅಂಟಿಸಲು ಖಾಲಿ ಪುಟಗಳೂ ಇರಬೇಕು.

(ಇ) ಜರ್ಮನಿ, ಇಟಲಿ, ಫ್ರಾನ್ಸ್ ಮುಂತಾದ ಷೆಂಗೆನ್ ಒಕ್ಕೂಟದ ದೇಶಗಳು: ಆ ವಲಯವನ್ನು ಬಿಟ್ಟು ಹೊರಡುವ ದಿನದಿಂದ ಮುಂದಕ್ಕೆ 3 ತಿಂಗಳು. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ವಿತರಣೆಯಾದುದಾಗಿರಬೇಕು, ಎರಡು ಖಾಲಿ ಪುಟಗಳಿರಬೇಕು.

(ಈ) ಬ್ರಿಟನ್: ಅಲ್ಲಿ ಇರುವಷ್ಟು ದಿನಗಳೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು.

(ಉ) ಅಮೆರಿಕ: ವಾಸ್ತವ್ಯದ ನಂತರವೂ 6 ತಿಂಗಳಿರಬೇಕೆಂಬುದು ಸಾಮಾನ್ಯ ನಿಯಮ. ಭಾರತದ ಪಾಸ್‌ಪೋರ್ಟುದಾರರಿಗೆ ಇದರಿಂದ ವಿನಾಯಿತಿಯುಂಟು. ಆದರೂ ದಾರಿಯಲ್ಲಿ ದುಬೈಯಂತಹ ನಿಲ್ದಾಣದಲ್ಲಿ ಇಳಿದು ಊರೊಳಗೆ ಹೋಗುವ ಉದ್ದೇಶವಿದ್ದರೆ ಅಲ್ಲಿನ ನಿಯಮ ಅನ್ವಯಿಸುತ್ತದೆ.

(ಊ) ನೇಪಾಳ, ಭೂತಾನ: ಭಾರತೀಯರು ಚುನಾವಣಾ ಗುರುತಿನ ಚೀಟಿಯ ಮೇಲೆಯೂ ಹೋಗಬಹುದು.

ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ಕೊಳ್ಳುವ ಮುನ್ನ ಆ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನೂ ವಿಮಾನ ಸಂಸ್ಥೆಯ ಸೂಚನೆಯನ್ನೂ ನೋಡಿಕೊಳ್ಳುವುದು ಕ್ಷೇಮ. ಇಷ್ಟೆಲ್ಲ ನೆನಪಿಡಲಾಗದವರು ಎಲ್ಲಿಗೆ ಹೋಗುವುದಾದರೂ ಮರಳುವ ದಿನದಿಂದ ಆರು ತಿಂಗಳು ಉಳಿದಿರಬೇಕೆಂಬ ಒಂದೇ ಸೂತ್ರವನ್ನು ಇಟ್ಟುಕೊಂಡರೆ ಸಾಕು.

4. ಉದಾಹರಣೆಯೊಡನೆ ಲೆಕ್ಕ

ಒಬ್ಬ ವರ್ತಕರ ಪಾಸ್‌ಪೋರ್ಟ್ 2028ರ ಮಾರ್ಚ್ 15ಕ್ಕೆ ಮುಗಿಯುವುದೆಂದು ಇಟ್ಟುಕೊಳ್ಳೋಣ.

ಉದಾಹರಣೆ 1: ಅವರು 2027ರ ಅಕ್ಟೋಬರ್ 20ರಂದು ದುಬೈಯಲ್ಲಿ ಇಳಿಯಬೇಕು. ಅಂದಿನಿಂದ ಆರು ತಿಂಗಳೆಂದರೆ 2028ರ ಏಪ್ರಿಲ್ 20. ಪಾಸ್‌ಪೋರ್ಟ್ ಅದಕ್ಕೆ ಮೊದಲೇ ಮುಗಿಯುವುದರಿಂದ ಪ್ರಯಾಣ ಸಾಧ್ಯವಿಲ್ಲ. ಈ ಪಾಸ್‌ಪೋರ್ಟಿನ ಮೇಲೆ ದುಬೈಯಲ್ಲಿ ಇಳಿಯಬಹುದಾದ ಕಡೆಯ ದಿನ 2027ರ ಸೆಪ್ಟೆಂಬರ್ 15ರ ಆಸುಪಾಸು. ಅಂಚಿನ ದಿನಕ್ಕೆ ಹೋಗದಿರುವುದೇ ಲೇಸು.

ಉದಾಹರಣೆ 2: ಅದೇ ವರ್ತಕರು ಜರ್ಮನಿಯ ಯಂತ್ರಮೇಳಕ್ಕೆ ಹೋಗಿ 2027ರ ಡಿಸೆಂಬರ್ 10ರಂದು ಹೊರಡುವವರಿದ್ದಾರೆ. ಅಲ್ಲಿಂದ ಮೂರು ತಿಂಗಳೆಂದರೆ 2028ರ ಮಾರ್ಚ್ 10. ನಿಯಮದಂತೆ ಐದು ದಿನಗಳು ಮಿಗುತ್ತವೆ. ಆದರೆ ವ್ಯವಹಾರ ಕುದುರಿ ಇನ್ನೊಂದು ವಾರ ಉಳಿಯಬೇಕಾಗಿ ಬಂದರೆ ಅವಕಾಶವಿಲ್ಲ. ಕಾಗದದ ಮೇಲೆ ಸರಿಯಿದ್ದರೂ ವ್ಯವಹಾರಕ್ಕೆ ಇದು ಸಾಲದು.

ಹೀಗೆ ನೋಡಿದರೆ ಹತ್ತು ವರ್ಷಗಳ ಪಾಸ್‌ಪೋರ್ಟ್ ಬಳಕೆಗೆ ಬರುವುದು ಒಂಬತ್ತೂವರೆ ವರ್ಷ ಮಾತ್ರ. ಯಂತ್ರದ ಬೆಲೆಯಲ್ಲಿ ಅಂತ್ಯ ಮೌಲ್ಯವನ್ನು ಬೇರೆಯಾಗಿಟ್ಟು ಸವಕಳಿಯನ್ನು ಲೆಕ್ಕ ಹಾಕುವಂತೆ, ಈ ಕಡೆಯ ಆರು ತಿಂಗಳನ್ನು ಮೊದಲೇ ಬೇರೆಯಾಗಿಟ್ಟುಬಿಡಬೇಕು.

5. ಮರುವಿತರಣೆ: ಯಾವಾಗ, ಎಲ್ಲಿ, ಎಷ್ಟು ವೆಚ್ಚ?

ನವೀಕರಣವೆಂದು ನಾವು ರೂಢಿಯಲ್ಲಿ ಹೇಳಿದರೂ ಹಳೆಯ ಪುಸ್ತಕದ ಅವಧಿಯನ್ನು ವಿಸ್ತರಿಸುವ ಪದ್ಧತಿ ಈಗಿಲ್ಲ. ಹೊಸ ಸಂಖ್ಯೆಯ ಹೊಸ ಪುಸ್ತಕವನ್ನೇ ಕೊಡುತ್ತಾರೆ. ಇದಕ್ಕೆ ಮರುವಿತರಣೆಯೆಂದು ಹೆಸರು. ವಾಯಿದೆ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಇದಕ್ಕೆ ಅರ್ಜಿ ಹಾಕಬಹುದು. ಮೇಲಿನ ಉದಾಹರಣೆಯಲ್ಲಿ 2027ರ ಮಾರ್ಚ್ ಮಧ್ಯದಲ್ಲಿ ಬಾಗಿಲು ತೆರೆಯುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಪಾಸ್‌ಪೋರ್ಟ್ ಬಳಕೆಗೆ ನಿಲ್ಲುತ್ತದೆ. ಈ ನಡುವಿನ ಆರು ತಿಂಗಳುಗಳೇ ಕೆಲಸ ಮುಗಿಸಿಕೊಳ್ಳಬೇಕಾದ ಕಾಲ.

"ಉಳಿದ ತಿಂಗಳುಗಳು ವ್ಯರ್ಥವಾಗುವುದಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಹಳೆಯ ಪುಸ್ತಕದಲ್ಲಿ ಉಳಿದ ಅವಧಿ ಹೊಸದಕ್ಕೆ ಸೇರುವುದಿಲ್ಲವೆಂಬುದು ನಿಜ. ಆದರೆ ಲೆಕ್ಕ ಹಾಕಿ ನೋಡೋಣ. 36 ಪುಟಗಳ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ಹತ್ತು ವರ್ಷಗಳೆಂದರೆ 120 ತಿಂಗಳು. ತಿಂಗಳಿಗೆ ಬೀಳುವ ವೆಚ್ಚ 12 ರೂಪಾಯಿ 50 ಪೈಸೆ. ಒಂಬತ್ತು ತಿಂಗಳು ಮೊದಲೇ ಮಾಡಿಸಿದರೆ ಆಗುವ ನಷ್ಟ 112 ರೂಪಾಯಿ 50 ಪೈಸೆ. ಇದನ್ನು ಉಳಿಸಲು ಹೋಗಿ ಒಂದು ಮೇಳವನ್ನೋ ಒಂದು ಯಂತ್ರದ ಸರದಿಯನ್ನೋ ಕಳೆದುಕೊಳ್ಳುವುದು ವ್ಯಾಪಾರದ ಲಕ್ಷಣವಲ್ಲ.

ಪದೇ ಪದೇ ಪ್ರಯಾಣ ಮಾಡುವವರು 60 ಪುಟಗಳ ಪುಸ್ತಕವನ್ನು ಕೇಳಿ ಪಡೆಯುವುದು ಒಳಿತು; ಅದರ ಶುಲ್ಕ 2,000 ರೂಪಾಯಿ. ತತ್ಕಾಲಕ್ಕೆ ಇದರ ಮೇಲೆ 2,000 ರೂಪಾಯಿ ಹೆಚ್ಚು. ಪುಟಗಳು ತುಂಬಿದರೆ ಅವಧಿ ಉಳಿದಿದ್ದರೂ ಮರುವಿತರಣೆ ಪಡೆಯಲೇಬೇಕು.

ಅರ್ಜಿಯನ್ನು ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಭರ್ತಿ ಮಾಡಿ, ಶುಲ್ಕ ಕಟ್ಟಿ, ದಿನ ನಿಗದಿ ಮಾಡಿಕೊಂಡು ಖುದ್ದಾಗಿ ಹೋಗಬೇಕು. ಇದೇ ಹೆಸರನ್ನು ಹೋಲುವ ನಕಲಿ ಜಾಲತಾಣಗಳೂ ಇರುವುದರಿಂದ ಎಚ್ಚರಿಕೆ ಅಗತ್ಯ. ನಮ್ಮ ಜಿಲ್ಲೆಯು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ. ಹಿಂದೆ ಇಂತಹ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕಾಗುತ್ತಿತ್ತು. 2017ರ ಜನವರಿ 25ರಂದು ಮೈಸೂರಿನಲ್ಲಿ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವು ಪ್ರಾಯೋಗಿಕವಾಗಿ ಆರಂಭವಾದ ಮೇಲೆ ದಾವಣಗೆರೆಯೂ ಸೇರಿದಂತೆ ಅನೇಕ ಊರುಗಳಿಗೆ ಈ ಸೌಲಭ್ಯ ಹರಡಿತು. 2018ರಿಂದ ದೇಶದ ಯಾವ ಕೇಂದ್ರದಲ್ಲಿ ಬೇಕಾದರೂ ಅರ್ಜಿ ಸಲ್ಲಿಸಲು ಅವಕಾಶವಿದೆ. ಆದರೆ ಪೊಲೀಸ್ ಪರಿಶೀಲನೆ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿಯೇ ನಡೆಯುತ್ತದೆಯಾದುದರಿಂದ ಈಗ ವಾಸವಿರುವ ವಿಳಾಸವನ್ನೇ ಕೊಡಬೇಕು. ಈಗ ಚಿಪ್ ಅಳವಡಿಸಿದ ಇ-ಪಾಸ್‌ಪೋರ್ಟುಗಳನ್ನು ನೀಡಲಾಗುತ್ತಿದೆ. ಚಿಪ್ ಇಲ್ಲದ ಹಳೆಯವು ತಮ್ಮ ವಾಯಿದೆಯವರೆಗೂ ನಡೆಯುತ್ತವೆ.

ಹಳೆಯ ಪುಸ್ತಕವನ್ನು ರದ್ದು ಮಾಡಿ ಹಿಂದಕ್ಕೆ ಕೊಡುತ್ತಾರೆ. ಅದನ್ನು ಬಿಸಾಡಬಾರದು. ಅದರಲ್ಲಿ ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಹಳೆಯ, ಹೊಸ ಎರಡೂ ಪುಸ್ತಕಗಳನ್ನು ಜೊತೆಯಲ್ಲಿ ಒಯ್ದು ಅದನ್ನು ಬಳಸಬಹುದು. ಇತರ ದೇಶಗಳ ವೀಸಾದ ಬಗ್ಗೆ ಆಯಾ ರಾಯಭಾರ ಕಚೇರಿಯಲ್ಲಿ ವಿಚಾರಿಸಬೇಕು.

6. ಚೆಕ್ ಮೊಕದ್ದಮೆ ಇದ್ದವರು ಗಮನಿಸಬೇಕಾದುದು

ವರ್ತಕರು ಬಹುಮಟ್ಟಿಗೆ ಅರಿಯದ ವಿಷಯವೊಂದಿದೆ. 1967ರ ಪಾಸ್‌ಪೋರ್ಟ್ ಅಧಿನಿಯಮದ 6(2)(ಎಫ್) ಪ್ರಕರಣದ ಪ್ರಕಾರ ಕ್ರಿಮಿನಲ್ ನ್ಯಾಯಾಲಯದಲ್ಲಿ ಅರ್ಜಿದಾರನ ಮೇಲೆ ಅಪರಾಧ ಪ್ರಕರಣ ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಚೆಕ್ ಅಮಾನ್ಯವಾದುದಕ್ಕೆ 138ನೇ ಪ್ರಕರಣದಡಿ ಹೂಡುವ ದೂರು ನಮ್ಮ ದೃಷ್ಟಿಯಲ್ಲಿ ಲೇವಾದೇವಿಯ ತಕರಾರಾದರೂ ಕಾನೂನಿನ ದೃಷ್ಟಿಯಲ್ಲಿ ಅಪರಾಧ ಪ್ರಕರಣವೇ.

ಇಂತಹವರಿಗೆ 1993ರ ಆಗಸ್ಟ್ 25ರ ಕೇಂದ್ರ ಸರ್ಕಾರದ ಅಧಿಸೂಚನೆಯು ದಾರಿಯೊಂದನ್ನು ತೋರಿಸಿದೆ. ಪ್ರಕರಣ ನಡೆಯುತ್ತಿರುವ ನ್ಯಾಯಾಲಯದಿಂದ ವಿದೇಶಕ್ಕೆ ಹೋಗಲು ಅನುಮತಿ ಪಡೆದು ಹಾಜರುಪಡಿಸಿದರೆ ಆ ಆದೇಶದಲ್ಲಿ ಹೇಳಿದ ಅವಧಿಗೆ ಪಾಸ್‌ಪೋರ್ಟ್ ದೊರೆಯುತ್ತದೆ. ಆದೇಶದಲ್ಲಿ ಅವಧಿಯನ್ನು ಹೇಳದಿದ್ದರೆ ದೊರೆಯುವುದು ಒಂದು ವರ್ಷಕ್ಕೆ ಮಾತ್ರ. ಇಲ್ಲಿ ಆರು ತಿಂಗಳ ನಿಯಮವನ್ನು ಸೇರಿಸಿ ನೋಡಿರಿ: ಒಂದು ವರ್ಷದ ಪಾಸ್‌ಪೋರ್ಟ್ ದುಬೈಗೋ ಸಿಂಗಪುರಕ್ಕೋ ಉಪಯೋಗವಾಗುವುದು ಮೊದಲ ಆರು ತಿಂಗಳು ಮಾತ್ರ. ಆದುದರಿಂದ ನ್ಯಾಯಾಲಯಕ್ಕೆ ಅರ್ಜಿ ಹಾಕುವಾಗಲೇ ಎಷ್ಟು ವರ್ಷಗಳ ಅವಧಿ ಬೇಕು, ವ್ಯಾಪಾರದ ದೃಷ್ಟಿಯಿಂದ ಅದು ಏಕೆ ಅಗತ್ಯ ಎಂಬುದನ್ನು ಸ್ಪಷ್ಟವಾಗಿ ಬರೆದು ಕೇಳುವಂತೆ ವಕೀಲರಿಗೆ ತಿಳಿಸಬೇಕು.

ಪ್ರಕರಣವನ್ನು ಮುಚ್ಚಿಡುವ ಯೋಚನೆ ಸರ್ವಥಾ ಸಲ್ಲದು. ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆಯುವುದು ಎರಡು ವರ್ಷಗಳವರೆಗಿನ ಸೆರೆವಾಸ, 5,000 ರೂಪಾಯಿಗಳವರೆಗಿನ ದಂಡ ಅಥವಾ ಎರಡಕ್ಕೂ ಗುರಿಮಾಡುವ ಅಪರಾಧ. ಪಾಸ್‌ಪೋರ್ಟನ್ನು ಜಪ್ತಿ ಮಾಡುವ ಅಧಿಕಾರವೂ ಪ್ರಾಧಿಕಾರಕ್ಕಿದೆ.

7. ದಿನಾಂಕವಲ್ಲದೆ ಬೇರೆ ಕೆಲವು ತೊಡಕುಗಳು

ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನದೋ ತಂದೆಯದೋ ಮೊದಲಕ್ಷರವನ್ನು ಹಚ್ಚಿಕೊಳ್ಳುವುದು ವಾಡಿಕೆ. ಇದರಿಂದಾಗಿ ಹಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿರುತ್ತದೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳು ಇಂತಹ ಒಂಟಿ ಹೆಸರಿನ ಪಾಸ್‌ಪೋರ್ಟುಳ್ಳ ಸಂದರ್ಶಕರಿಗೆ ಪ್ರವೇಶವಿಲ್ಲವೆಂದು ಸಾರಿದವು. ಪಾಸ್‌ಪೋರ್ಟಿನ ಕಡೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುವುದಾಗಿ ಆಮೇಲೆ ಸ್ಪಷ್ಟೀಕರಣ ಬಂತು. ಮರುವಿತರಣೆಯ ಸಮಯದಲ್ಲಿ ಮೊದಲಕ್ಷರಗಳನ್ನು ಬಿಡಿಸಿ ಬರೆಸಿ, ಉಪನಾಮದ ಅಂಕಣವನ್ನು ತುಂಬಿಸಿಕೊಂಡರೆ ಈ ತೊಡಕು ತಪ್ಪುತ್ತದೆ. ಹಾಗೆ ಮಾಡುವಾಗ ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆಗಳಲ್ಲಿಯೂ ಹೆಸರು ಹೊಂದುವಂತೆ ನೋಡಿಕೊಳ್ಳಬೇಕು.

ಕುಟುಂಬ ಸಮೇತ ಹೊರಡುವವರು ಮಕ್ಕಳ ಪಾಸ್‌ಪೋರ್ಟನ್ನೂ ನೋಡಬೇಕು. ಅಪ್ರಾಪ್ತರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷ ಅಥವಾ ಅವರಿಗೆ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಊರ್ಜಿತ. ತಂದೆತಾಯಿಯರದು ಸರಿಯಿದ್ದು ಮಗುವಿನದು ಮುಗಿದಿದ್ದರೆ ಇಡೀ ಕುಟುಂಬದ ಪ್ರಯಾಣವೇ ನಿಲ್ಲುತ್ತದೆ.

ಪರದೇಶದಲ್ಲಿರುವಾಗಲೇ ಪಾಸ್‌ಪೋರ್ಟ್ ಮುಗಿದರೆ ಅಥವಾ ಕಳೆದರೆ ಗಾಬರಿಪಡಬೇಕಾಗಿಲ್ಲ. ಸಮೀಪದ ಭಾರತೀಯ ರಾಯಭಾರ ಕಚೇರಿಯು ಹೊಸ ಪಾಸ್‌ಪೋರ್ಟನ್ನಾಗಲಿ, ಸ್ವದೇಶಕ್ಕೆ ಮರಳುವುದಕ್ಕಷ್ಟೇ ಸಲ್ಲುವ ತುರ್ತು ಪ್ರಮಾಣಪತ್ರವನ್ನಾಗಲಿ ನೀಡುತ್ತದೆ.

8. ವರ್ತಕನೊಬ್ಬನಿಂದ ಬಂದ ಹಕ್ಕು

ಕೊನೆಯಲ್ಲಿ ಒಂದು ಮಾತು. 1967ಕ್ಕೆ ಮೊದಲು ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ವಾಹನಗಳ ಬಿಡಿಭಾಗಗಳ ಆಮದು, ರಫ್ತು ಮತ್ತು ತಯಾರಿಕೆಯಲ್ಲಿ ತೊಡಗಿದ್ದ ಸತ್ವಂತ್ ಸಿಂಗ್ ಸಾಹ್ನಿ ಎಂಬ ವರ್ತಕರಿಗೆ ಪಾಸ್‌ಪೋರ್ಟನ್ನು ಹಿಂದಿರುಗಿಸುವಂತೆ ಸೂಚನೆ ಬಂದಾಗ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ವಿದೇಶ ಪ್ರಯಾಣವು ಸಂವಿಧಾನದ 21ನೇ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದು ನ್ಯಾಯಾಲಯವು 1967ರ ಏಪ್ರಿಲಿನಲ್ಲಿ ಬಹುಮತದಿಂದ ತೀರ್ಪಿತ್ತಿತು. ಅದೇ ವರ್ಷದ ಜೂನ್ 24ರಂದು ಪಾಸ್‌ಪೋರ್ಟ್ ಅಧಿನಿಯಮ ಜಾರಿಗೆ ಬಂತು. ನಮ್ಮಂತಹ ವರ್ತಕರೊಬ್ಬರು ಹೋರಾಡಿ ದೊರಕಿಸಿದ ಹಕ್ಕನ್ನು ದಿನಾಂಕ ನೋಡದ ಅಲಕ್ಷ್ಯದಿಂದ ನಾವು ಕಳೆದುಕೊಳ್ಳಬಾರದು.

ಸದಸ್ಯ ಬಾಂಧವರು ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ಮಾಡಬೇಕಾದ ಕೆಲಸ ಇಷ್ಟೇ: ಮನೆಯವರೆಲ್ಲರ ಪಾಸ್‌ಪೋರ್ಟುಗಳನ್ನು ಹೊರತೆಗೆದು ವಾಯಿದೆಯ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆಯಿರಿ, ಅದರ ಪಕ್ಕದಲ್ಲಿ ಒಂದು ವರ್ಷ ಹಿಂದಿನ ದಿನಾಂಕವನ್ನೂ ಆರು ತಿಂಗಳು ಹಿಂದಿನ ದಿನಾಂಕವನ್ನೂ ಬರೆಯಿರಿ. ಮೊದಲನೆಯದು ಅರ್ಜಿ ಹಾಕುವ ದಿನ, ಎರಡನೆಯದು ನಿಜವಾದ ವಾಯಿದೆ. ಖಾಲಿ ಪುಟಗಳನ್ನು ಎಣಿಸಿ, ಹೆಸರಿನ ಅಂಕಣವನ್ನು ನೋಡಿ. ಆ ಹಾಳೆಯನ್ನು ಜಿ.ಎಸ್.ಟಿ. ಕಡತದ ಮೊದಲ ಪುಟಕ್ಕೇ ಹಚ್ಚಿಬಿಡಿ. ನನ್ನ ಕಚೇರಿಯಲ್ಲಿ ಪ್ರತಿ ಕಕ್ಷಿದಾರರ ಕಡತಕ್ಕೂ ಈಗ ಈ ಹಾಳೆಯನ್ನು ಹಚ್ಚಿದ್ದೇವೆ. ಹೊಸದುರ್ಗದ ನನ್ನ ಕಕ್ಷಿದಾರರ ಕಡತದಲ್ಲಿ ಅದು ಎಲ್ಲಕ್ಕಿಂತ ಮೇಲಿದೆ.